ನಲವತ್ತಮೂರು ಬೋರ್ಡು, ಒಂದು ಸಣ್ಣ ಕ್ಯಾಮೆರಾ

ನಮ್ಮ ಮನೆಯ ಬೀರುವಿನಲ್ಲಿ ಒಂದು ಕಡತವಿದೆ. ಅದಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಮೇಲೆ ನನ್ನದೇ ಕೈಬರಹದಲ್ಲಿ 'ವಿಷಯ: ದಿನಬಳಕೆಗೆ ಸಣ್ಣ ಡಿಜಿಟಲ್ ಕ್ಯಾಮೆರಾ ಖರೀದಿಸುವ ಬಗ್ಗೆ' ಎಂದು ಬರೆದಿದೆ. ಒಳಗೆ ಐವತ್ತೆರಡು ಹಾಳೆಗಳಿವೆ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದ ಮನುಷ್ಯ ಅಂಗಡಿಗೆ ಹೋಗಿ ಸುಮ್ಮನೆ ಒಂದು ಸಾಮಾನು ಕೊಂಡು ಬರುವುದಾದರೂ ಹೇಗೆ? ನನ್ನ ಸರ್ವಿಸಿನಲ್ಲಿ ಒಮ್ಮೆ ಕಿಟಕಿಯ ಗಾಜು ಒಡೆದು, ಹೊಸದು ಬರುವಷ್ಟರಲ್ಲಿ ಮೂರು ಮಳೆಗಾಲ ಕಳೆದಿದ್ದವು. ಕಡತದಲ್ಲಿ ಮಾತ್ರ ಒಂದು ತಪ್ಪಿರಲಿಲ್ಲ. ಅದರ ಬಗ್ಗೆ ಬಹಳ ವರ್ಷ ನನಗೆ ಹೆಮ್ಮೆಯಿತ್ತು.

ಕ್ಯಾಮೆರಾ ಬೇಕಾಗಿದ್ದದ್ದು ಒಬ್ಬ ಗೆಳೆಯನಿಗಾಗಿ. ಅಜ್ಜಂಪುರದ ಮಿಡ್ಲ್ ಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವನ ಮನೆಮಾತು ದಖ್ನಿ ಉರ್ದು, ಆದರೂ ತರಗತಿಯಲ್ಲಿ ದುಂಡಗೆ ಕನ್ನಡ ಬರೆಯುತ್ತಿದ್ದವನು ಅವನೊಬ್ಬನೇ. ನನ್ನ ಕಾಪಿ ಪುಸ್ತಕವನ್ನು ಬರೆದುಕೊಡುತ್ತಿದ್ದವನೂ ಅವನೇ. ಮುಂದೆ ನಾನು ಕಡೂರಿನಲ್ಲಿ ಜನರ ಅರ್ಜಿಗಳನ್ನು ತಿರಸ್ಕರಿಸುವ ಕೆಲಸ ಹಿಡಿದೆ, ಅವನು ತರೀಕೆರೆಯಲ್ಲಿ ಬೋರ್ಡ್ ಬರೆಯುವ ಕೆಲಸ ಹಿಡಿದ. ಮೂರೂ ಊರುಗಳ ಅಂಗಡಿಗಳ ಮೇಲೆ ನಲವತ್ತು ವರ್ಷ ಅವನ ಕೈ ಓಡಾಡಿತು. ಎಲ್ಲಿಯೂ ಮೂಲೆಯಲ್ಲಿ ತನ್ನ ಹೆಸರು ಹಾಕಲಿಲ್ಲ. ಕೇಳಿದರೆ, "ಅಂಗಡಿ ಅವರ್ದು, ಹೆಸ್ರೂ ಅವರ್ದೇ ಇರ್ಲಿ ಬಿಡು" ಎನ್ನುತ್ತಿದ್ದ.

ಕಳೆದ ವರ್ಷ ಯುಗಾದಿಯ ಮಾರನೆಯ ದಿನ ಅವನ ಮನೆಗೆ ಹೋಗಿದ್ದೆ. ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದರಲ್ಲಿ ಕೊಳವೆಯೊಳಗಿಂದ ನೋಡಿದಷ್ಟು ಕಾಣುತ್ತಿತ್ತು. ಕಣ್ಣಿನ ಒತ್ತಡ, ವಾಸಿಯಾಗುವುದಿಲ್ಲ, ದೃಷ್ಟಿ ಇರುವಷ್ಟು ದಿನ ಇರುತ್ತದೆ ಎಂದು ಶಿವಮೊಗ್ಗದ ಡಾಕ್ಟರು ಹೇಳಿ ಕಳಿಸಿದ್ದರು.

"ಒಂದ್ ಕೆಲ್ಸ ಮಾಡ್ಕೊಡ್ತೀಯೇನೋ?" ಎಂದ. "ನನ್ ಬೋರ್ಡ್‌ಗಳನ್ನೆಲ್ಲ ಒಂದೊಂದು ಫೋಟೋ ತೆಗ್ದು ತಂದ್ಕೊಡು. ಒಂದ್ ಬರ್ದಾದ್ ಮೇಲೆ ಏಣಿ ಎತ್ಕೊಂಡು ಮುಂದಿನ್ ಅಂಗ್ಡಿಗೆ ಹೋಗ್ಬಿಡ್ತಿದ್ದೆ. ಎಲ್ಲಾನೂ ಒಟ್ಟಿಗೆ ಇಟ್ಕೊಂಡು ನಾನು ಯಾವತ್ತೂ ನೋಡಿಲ್ಲ ಕಣೋ. ಎಲ್ಲಿ ಸರಿಯಾಗ್ ಬಂತು, ಎಲ್ಲಿ ಕೆಟ್ಟೋಯ್ತು, ಒಂದ್ಸಲ ನೋಡ್ಬೇಕು. ಇನ್ನೂ ಕಾಣ್ತಾ ಇರೋವಾಗ್ಲೇ."

ಇಬ್ಬರೂ ಕುಳಿತು ಪಟ್ಟಿ ಮಾಡಿದೆವು. ಬಿದ್ದುಹೋದವು, ಮುಚ್ಚಿದ ಅಂಗಡಿಗಳವು ಬಿಟ್ಟು ನಲವತ್ತಮೂರು ಉಳಿದವು. ಆಗಲಿ ಎಂದು ಒಪ್ಪಿಕೊಂಡು ಮನೆಗೆ ಬಂದು ಕಡತ ತೆರೆದೆ.

ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡಬಾರದು. ನನ್ನದು ಗುಂಡಿ ಒತ್ತುವ ಹಳೆಯ ಫೋನು, ನಿಜ. ಆದರೆ ನನ್ನ ಹೆಂಡತಿಯ ಹತ್ತಿರ ಒಳ್ಳೆಯ ಫೋನಿತ್ತು. ವಿಷಯ ಕೇಳಿದ ಕೂಡಲೇ ಅವಳು, "ಇದನ್ನೇ ತಗೊಂಡ್ ಹೋಗ್ರೀ, ನಾಳೆ ಸಂಜೆ ಹೊತ್ತಿಗೆ ಕಡೂರಿಂದು ಮುಗ್ದೋಗುತ್ತೆ" ಅಂದಳು.

"ಫೋನು ಮಾತಾಡೋದಕ್ಕೆ. ಇದು ದಾಖಲೆ ಕೆಲಸ" ಎಂದೆ.

"ಹಂಗಾದ್ರೆ ಅಮಲ್ದಾರ್ರ ಅಪ್ಪಣೆ ಬರ್ಲಿ" ಎಂದು ಅವಳು ಒಳಗೆ ಹೋದಳು.

ಶಿವಮೊಗ್ಗದಲ್ಲಿ ಕ್ಯಾಮೆರಾ ಮಾರುವ ಅಂಗಡಿಗೆ ನಾಲ್ಕು ಸಲ ಹೋದೆ. ಮೊದಲ ಸಲ ಅಂಗಡಿಯಾತ ನನ್ನನ್ನು ಪಳೆಯುಳಿಕೆಯ ಹಾಗೆ ನೋಡಿದ. "ಸಣ್ಣ ಕ್ಯಾಮೆರಾ ಈಗ ಯಾರೂ ಕೇಳಲ್ಲ ಸಾರ್. ನನ್ ಹತ್ರ ಇರೋದು ಎರಡೇ ಮಾಡೆಲ್ಲು. ಒಂದು ತಗೊಳಿ, ಮುಗೀತು."

ಎರಡೇ ಇದ್ದದ್ದು ದೊಡ್ಡ ತೊಡಕಾಯಿತು. ಹತ್ತಿದ್ದರೆ ಎಂಟನ್ನು ತಳ್ಳಿಹಾಕುವುದರಲ್ಲಿ ಕೆಲಸ ಸಾಗುತ್ತಿತ್ತು. ಒಂದರ ಜೂಮು ಜಾಸ್ತಿ. ಬೋರ್ಡು ಎತ್ತರದಲ್ಲಿರುವುದರಿಂದ ಅದು ಬೇಕು. ಆದರೆ ಮೈ ದಪ್ಪ, ಅಂಗಿ ಜೇಬಿನಲ್ಲಿ ಕೂರುವುದು ಅನುಮಾನ. ಇನ್ನೊಂದು ತೆಳ್ಳಗಿದೆ, ಮಂದ ಬೆಳಕಿನಲ್ಲೂ ಚಿತ್ರ ಚೆನ್ನಾಗಿ ಬರುತ್ತದೆ, ಆದರೆ ಬ್ಯಾಟರಿ ಬೇಗ ಮುಗಿಯುತ್ತದೆ. ಎರಡರ ಗುಣದೋಷಗಳನ್ನು ಹಾಳೆಯ ಎಡಬಲಕ್ಕೆ ಬರೆದೆ. ದಿನವೂ ಜೊತೆಗಿರದ ಕ್ಯಾಮೆರಾ ಮನೆಯ ಅಟ್ಟದ ಮೇಲಿನ ಹಂಡೆಗೆ ಸಮಾನ ಎಂದು ಕೆಂಪು ಶಾಯಿಯಲ್ಲಿ ಟಿಪ್ಪಣಿ ಹಾಕಿದೆ. ಅಲ್ಲಿಗೆ ಇಡೀ ಪ್ರಶ್ನೆ ಜೇಬಿಗೆ ಬಂದು ನಿಂತಿತು.

ಜೇಬಿನ ಪ್ರಶ್ನೆಯನ್ನು ಊಹೆಯ ಮೇಲೆ ತೀರ್ಮಾನಿಸುವ ಹಾಗಿಲ್ಲ. ಆದ್ದರಿಂದ ದಪ್ಪ ಕ್ಯಾಮೆರಾದ ಅಳತೆ ಬರೆದುಕೊಂಡು ಬಂದು, ನಮ್ಮ ಬೀದಿಯ ಬಡಗಿಯ ಹತ್ತಿರ ಅದೇ ಗಾತ್ರದ ಮರದ ತುಂಡು ಮಾಡಿಸಿದೆ. ಅದನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಹದಿನೈದು ದಿನ ಓಡಾಡಿದೆ. ಹಾಲಿಗೆ, ತರಕಾರಿಗೆ, ಬ್ಯಾಂಕಿಗೆ, ಒಂದು ಮದುವೆಗೂ.

"ಹಲಗೆ ತುಂಡು ಜೇಬಲ್ಲಿಟ್ಕೊಂಡು ಓಡಾಡ್ತೀರಲ್ರೀ, ನೋಡಿದೋರು ಏನಂದ್ಕೊಳಲ್ಲ?" ಎಂದು ಹೆಂಡತಿ ಕೇಳಿದಳು.

"ಪ್ರಯೋಗ ನಡೀತಿದೆ."

"ಅಂಗಿ ಜೇಬು ಹರೀತಿದೆ ಅಷ್ಟೇ."

ಆ ಹದಿನೈದು ದಿನವೂ ನಾನು ಅವನ ಬೋರ್ಡುಗಳ ಕೆಳಗೇ ಓಡಾಡಿದೆ. ಬಟ್ಟೆ ಅಂಗಡಿಯದು, ಸೋಡಾ ಅಂಗಡಿಯದು, ಗೊಬ್ಬರದ ಅಂಗಡಿಯದು, ಎಲ್ಲವೂ ಬಿಸಿಲಲ್ಲಿ ನಿಚ್ಚಳವಾಗಿದ್ದವು. ಜೇಬಿನಲ್ಲಿ ಮಾತ್ರ ಮರದ ತುಂಡಿತ್ತು.

ಗೆಳೆಯ ಆಗಾಗ ಫೋನು ಮಾಡುತ್ತಿದ್ದ. "ಏನ್ ಶಿರಸ್ತೇದಾರ್ರೇ, ಫೈಲು ಯಾವ ಟೇಬಲ್ ಮೇಲಿದೆ?"

"ಪರಿಶೀಲನೆಯಲ್ಲಿದೆ."

"ನಾನೇನಾದ್ರೂ ಕೈಬೆಚ್ಚಗೆ ಮಾಡ್ಬೇಕೇನೋ?" ಎಂದು ನಗುತ್ತಿದ್ದ. ಶ್ರಾವಣದಲ್ಲಿ ಮಾಡಿದಾಗ ನಗಲಿಲ್ಲ. "ನಿನ್ನೆ ಚಾ ಲೋಟ ಇದೆ ಅಂತ ಕೈ ಚಾಚಿದೆ, ಇರ್ಲಿಲ್ಲ. ಬೇಗ ನೋಡಪ್ಪ" ಎಂದಷ್ಟೇ ಹೇಳಿ ಇಟ್ಟ.

ಆ ಮಾತು ಚುರುಕು ಮುಟ್ಟಿಸಿತು. ಆಗಲೇ ಹೊರಡಬೇಕಿತ್ತು. ಆದರೆ ಬುದ್ಧಿವಂತನಾದ ನನಗೆ ಆಗಲೇ ಒಂದು ಯೋಚನೆ ಹೊಳೆಯಿತು. ಬೋರ್ಡುಗಳ ಮೇಲೆ ವರ್ಷದ ಧೂಳು ಕೂತಿದೆ, ಜೇಡರ ಬಲೆಯಿದೆ. ಆಯುಧಪೂಜೆಗೆ ನಮ್ಮ ಕಡೆ ಪ್ರತಿ ಅಂಗಡಿಯವನೂ ಏಣಿ ಹಾಕಿ ಬೋರ್ಡು ತೊಳೆಯುತ್ತಾನೆ, ಕುಂಕುಮವಿಟ್ಟು ಸೇವಂತಿಗೆ ಹಾರ ಹಾಕುತ್ತಾನೆ. ವರ್ಷದಲ್ಲಿ ಅಕ್ಷರಗಳು ಅತ್ಯಂತ ಚೊಕ್ಕವಾಗಿ ಕಾಣುವ ದಿನ ಅದು. ಗೆಳೆಯ ಕೊನೆಯ ಸಲ ನೋಡುವುದಾದರೆ ಹಾಗೆಯೇ ನೋಡಲಿ. ಇನ್ನೊಂದೆರಡು ತಿಂಗಳು ತಾನೇ? 'ಆಯುಧಪೂಜೆಯವರೆಗೆ ಮುಂದೂಡಲಾಗಿದೆ' ಎಂದು ಬರೆದು ಸಹಿ ಹಾಕಿದೆ. ಅವನಿಗೂ ಹೇಳಿದೆ. "ತೊಳ್ದಿರೋದೇ ಚೆನ್ನಾಗಿರ್ತದೆ, ಹೌದು" ಎಂದ.

ಹಬ್ಬಕ್ಕೆ ನಾಲ್ಕು ದಿನವಿರುವಾಗ ತೆಳ್ಳನೆಯ ಕ್ಯಾಮೆರಾ ಕೊಂಡೆ. ಅದರ ಅಳತೆಯ ಮರದ ತುಂಡನ್ನು ನಾನು ಮಾಡಿಸಿರಲೇ ಇಲ್ಲ ಎಂಬುದು ಮನೆಗೆ ಬಂದ ಮೇಲೆ ನೆನಪಾಯಿತು.

ಆಯುಧಪೂಜೆಯ ದಿನ ಬೆಳಿಗ್ಗೆಯೇ ಸ್ನಾನ ಮಾಡಿ, ಕ್ಯಾಮೆರಾಕ್ಕೂ ಕುಂಕುಮದ ಬೊಟ್ಟಿಟ್ಟು, ಕಡೂರಿನ ಪೇಟೆ ಬೀದಿಗೆ ಹೋದೆ. ಬೀದಿ ಫಳಫಳ ಹೊಳೆಯುತ್ತಿತ್ತು. ಹಾರಗಳಿದ್ದವು, ಬೂದುಗುಂಬಳಕಾಯಿ ಒಡೆದ ಗುರುತಿತ್ತು. ಹಾರಗಳ ಹಿಂದೆ ಇದ್ದದ್ದು ಮಾತ್ರ ಹೊಸ ಪ್ಲಾಸ್ಟಿಕ್ ಬೋರ್ಡುಗಳು. ಎಲ್ಲ ಒಂದೇ ಅಳತೆ, ಒಂದೇ ಅಕ್ಷರ, ಕೆಳಗೆ ಒಂದು ಪೇಂಟ್ ಕಂಪನಿಯ ಜಾಹೀರಾತು. ಬಣ್ಣ ಮಾರುವ ಕಂಪನಿಯವರೇ ಬಣ್ಣದ ಬೋರ್ಡುಗಳನ್ನು ಇಳಿಸಿದ್ದರು.

ಸೋಡಾ ಅಂಗಡಿಯವನನ್ನು ಕೇಳಿದೆ. "ಫ್ರೀ ಕೊಟ್ರು ಸಾರ್, ಒಳ್ಗೆ ಲೈಟ್ ಬೇರೆ ಇದೆ. ಮೂರೂ ತಾಲ್ಲೂಕಲ್ಲಿ ಹಾಕ್ತಾವ್ರೆ. ಯಾವಾಗ್ ಹಾಕೋದು ಅಂದ್ರು. ಹೆಂಗೂ ತೊಳ್ಯಕ್ಕೆ ಇಳಿಸ್ಬೇಕಲ್ಲ, ಹಬ್ಬಕ್ಕೇ ಹಾಕ್ಬಿಡಿ ಅಂದ್ವಿ."

"ಹಳೇದು?"

"ಹಿತ್ಲಲ್ಲಿ ನೀರಿನ್ ತೊಟ್ಟಿ ಮೇಲೆ ಮುಚ್ಚಿದೀನಿ. ಒಳ್ಳೆ ತಗಡು."

ತೊಟ್ಟಿಯ ಮುಚ್ಚಳವನ್ನು ತಿರುಗಿಸಿ ಅದರ ಫೋಟೋ ತೆಗೆದೆ. ಆ ಕ್ಯಾಮೆರಾದ ಮೊದಲ ಚಿತ್ರ ಅದೇ. ಅಂದು ತರೀಕೆರೆಗೂ ಮರುದಿನ ಅಜ್ಜಂಪುರಕ್ಕೂ ಹೋಗಿ, ಪಟ್ಟಿ ಹಿಡಿದು ಅಲೆದೆ. ಕೆಲವು ಗುಜರಿಗೆ ಹೋಗಿದ್ದವು, ಒಂದು ದನದ ಕೊಟ್ಟಿಗೆಗೆ ಗೋಡೆಯಾಗಿತ್ತು, ಅಕ್ಷರಗಳಿದ್ದ ಕಡೆಗೆ ಸಗಣಿ ಬಳಿದಿತ್ತು. ಒಟ್ಟು ಸಿಕ್ಕಿದ್ದು ಹನ್ನೊಂದು. ಅಜ್ಜಂಪುರದ ಕೊಬ್ಬರಿ ಮಂಡಿಯದು ಸಿಗಲಿಲ್ಲ. ಪಟ್ಟಿಯಲ್ಲಿ ಅವನು ಅದನ್ನೇ ಮೊದಲು ಬರೆಸಿದ್ದ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಚುಚ್ಚಿ ಆಡಲಿಲ್ಲ. ಅದು ಇನ್ನೂ ಕಷ್ಟವಾಯಿತು. ಸ್ವಲ್ಪ ಹೊತ್ತಿನ ಮೇಲೆ ತನ್ನ ಫೋನು ತಂದು ಮುಂದೆ ಹಿಡಿದಳು. ವರ್ಷದ ಹಿಂದೆ ಅವಳೂ ಅವಳ ತಂಗಿಯೂ ಬಸ್ಸಿಗೆ ಕಾಯುತ್ತಾ ತೆಗೆಸಿಕೊಂಡ ಚಿತ್ರ. ಅವರ ಹಿಂದೆ ಕೊಬ್ಬರಿ ಮಂಡಿ. ಬೋರ್ಡಿನ ಎಡಗಡೆ ಅರ್ಧ ಸ್ಪಷ್ಟವಾಗಿತ್ತು, ಬಲಗಡೆ ಅರ್ಧಕ್ಕೆ ನಾದಿನಿಯ ತಲೆ ಅಡ್ಡವಿತ್ತು.

ಎಲ್ಲವನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ತರೀಕೆರೆಗೆ ಹೋದೆ. ಗೆಳೆಯ ಬಾಗಿಲ ಬಳಿ ಕುರ್ಚಿಯಲ್ಲಿದ್ದ. ಒಂದು ಪ್ರಿಂಟನ್ನು ಕೈಗೆ ಕೊಟ್ಟೆ. ಮೂಗಿನ ಹತ್ತಿರ ಹಿಡಿದ, ಪಕ್ಕಕ್ಕೆ ತಿರುಗಿಸಿದ, ಬೆಳಕಿಗೆ ಎತ್ತಿದ. ಆಮೇಲೆ ಮೆಲ್ಲಗೆ ತೊಡೆಯ ಮೇಲೆ ಇಟ್ಟುಕೊಂಡ. "ಬೆಳಕು ಗೊತ್ತಾಗ್ತದೆ. ನೀನೇ ಹೇಳು."

ನಾನು ಪಟ್ಟಿ ತೆಗೆದು ಓದತೊಡಗಿದೆ. ಹನ್ನೊಂದಕ್ಕೆ ನಿಲ್ಲಿಸಲು ಮನಸ್ಸು ಬರಲಿಲ್ಲ. ಹನ್ನೆರಡು, ಹದಿಮೂರು ಎಂದು ಇಲ್ಲದ ಬೋರ್ಡುಗಳನ್ನೂ ವರ್ಣಿಸುತ್ತಾ ಹೋದೆ. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ.

"ಸೈಕಲ್ ಶಾಪಿಂದು, ಕೊನೇ ಅಕ್ಷರದ ಕೆಳಗೆ ಬಣ್ಣ ಸುರ್ದಿತ್ತಲ್ಲ, ಇನ್ನೂ ಹಂಗೇ ಇದೆಯಾ?"

"ಹಾಗೇ ಇದೆ" ಎಂದೆ.

"ಲೇ, ನನ್ ಕೈಯಲ್ಲಿ ಯಾವತ್ತೋ ಬಣ್ಣ ಸುರ್ದಿತ್ತು?" ಎಂದ. ನಾನು ಪಟ್ಟಿ ಮಡಿಸಿದೆ. "ಮೊಮ್ಮಗ ಹೇಳ್ದ, ಪೇಟೆಯಲ್ಲಿ ಎಲ್ಲಾ ಹೊಸ ಬೋರ್ಡ್ ಅಂತ. ನಿಜ ಹೇಳು, ಎಷ್ಟು ಸಿಕ್ಕಿದ್ವು?"

"ಹನ್ನೊಂದೂವರೆ."

"ಅರೆ, ನಾನು ನಾಲ್ಕೋ ಐದೋ ಅಂದ್ಕೊಂಡಿದ್ದೆ" ಎಂದು ಹುಬ್ಬೇರಿಸಿದ. ಕ್ಯಾಮೆರಾ ಎಲ್ಲಿ ಎಂದು ಕೈ ಚಾಚಿದ. ಕೊಟ್ಟೆ. ಬೆರಳುಗಳಿಂದ ಅದರ ಅಂಚುಗಳನ್ನೆಲ್ಲ ಸವರಿ ನೋಡಿದ. "ಇಷ್ಟ್ ಚಿಕ್ಕದಕ್ಕೆ ಆರ್ ತಿಂಗ್ಳೇನೋ?"

ಐವತ್ತೆರಡು ಹಾಳೆಗಳಲ್ಲಿ ಅದಕ್ಕೆ ಉತ್ತರ ಎಲ್ಲಿಯೂ ಇರಲಿಲ್ಲ.

"ಅರ್ಧ ಅಂದ್ಯಲ್ಲ, ಅದ್ಯಾವುದು?"

"ಕೊಬ್ಬರಿ ಮಂಡಿಯದು. ಬಲಗಡೆಗೆ ನನ್ನ ನಾದಿನಿ ತಲೆ ಅಡ್ಡ ಬಂದಿದೆ."

ಅವನು ನಕ್ಕ. ಮಿಡ್ಲ್ ಸ್ಕೂಲಿನಲ್ಲಿ ನಗುತ್ತಿದ್ದ ಹಾಗೆ, ಹೆಗಲು ಕುಣಿಸಿಕೊಂಡು, ಬಹಳ ಹೊತ್ತು ನಕ್ಕ. ಆಮೇಲೆ ಕ್ಯಾಮೆರಾವನ್ನು ತಾನೇ ತಡವಿ ನನ್ನ ಅಂಗಿ ಜೇಬಿನೊಳಗೆ ಇಳಿಸಿದ. ಅದು ಸರಿಯಾಗಿ ಕೂತಿತು.

"ಆ ಬೋರ್ಡಲ್ಲಿ ಬಲಗಡೇದೇ ಚೆನ್ನಾಗ್ ಬಂದಿದ್ದು ಕಣೋ" ಎಂದ.