ಕಾಕೂನ ಗುಪ್ತ ಉತ್ತರ

ಗೆಳೆಯರೇ, ಗುಟ್ಟು ಕಾಪಾಡುವುದನ್ನು ನಮ್ಮ ಗೋಕಾಕದವರಿಂದ ಕಲಿಯಬೇಕು.

ಇವತ್ತು ಸೈಬರ್ ಸೆಂಟರ್‌ನಲ್ಲಿ ಕೂತು ನಮ್ಮ ಕಾಕೂನನ್ನು, ಅಂದರೆ ಚಿಕ್ಕಪ್ಪನ ಹೆಂಡತಿಯನ್ನು, ಇಂಗ್ಲಿಷ್ ಕಲಿಸುವ ಒಂದು ವೆಬ್‌ಸೈಟಿಗೆ ಸೇರಿಸುತ್ತಿದ್ದೆ. ಪಾಸ್‌ವರ್ಡ್ ಮರೆತರೆ ಅದು ಒಂದು ಗುಪ್ತ ಪ್ರಶ್ನೆ ಕೇಳುತ್ತದಂತೆ: ನಿಮ್ಮ ತಾಯಿಯ ತವರಿನ ಅಡ್ಡಹೆಸರೇನು? ಉತ್ತರ ಗೊತ್ತಿದ್ದವರು ಯಾರು ಬೇಕಾದರೂ ಒಳಗೆ ನುಗ್ಗಬಹುದು. ಹೋದ ತಿಂಗಳು ನನ್ನ ಖಾತೆಗೆ ಯಾರೋ ಹಾಗೇ ನುಗ್ಗಿದ್ದರು.

ಪ್ರಶ್ನೆಯನ್ನು ಓದಿ ಹೇಳಿ, "ಕಾಕೂ, ಉತ್ತರ ಕಿವ್ಯಾಗ ಹೇಳ್ರಿ," ಎಂದೆ.

ಕಾಕೂ ಬಾಯಿ ತೆರೆಯುವ ಮೊದಲೇ ಸೆಂಟರಿನ ಮಾಲೀಕರು ಕೂತಲ್ಲಿಂದಲೇ ಕೂಗಿದರು: "ಪಾಟೀಲ ಅಂತ ಹಾಕ್ರಿ! ಇವರು ಮಸಗುಪ್ಪಿ ಪಾಟೀಲರ ಮೊಮ್ಮಗಳಲ್ರಿ?"

"ಹೌದ್ರಿ! ನೀವು ಯಾರ ಪೈಕಿ?" ಎಂದು ಕಾಕೂ ಖುಷಿಯಿಂದ ಅತ್ತ ತಿರುಗಿದರು.

ಅಷ್ಟರಲ್ಲಿ ನಾನು ಸದ್ದಿಲ್ಲದೆ ನಮ್ಮೂರ ಸಿಹಿತಿಂಡಿಯ ಹೆಸರು, 'ಕರದಂಟು' ಎಂದು ಟೈಪ್ ಮಾಡಿದೆ. ಅದು ಯಾವ ಕಳ್ಳನಿಗೂ ಹೊಳೆಯಲಾರದು.

ಕಾಕೂ ನೋಡಿಯೇಬಿಟ್ಟರು. "ನಮ್ಮ ಅವ್ವನ ಮನಿತನಾನ ಬದಲ ಮಾಡಿಬಿಟ್ಟೆಲ್ಲ!"

"ಸುಳ್ಳ ಇದ್ರನ ಭದ್ರ, ಕಾಕೂ. ಯಾರಿಗೂ ಹೇಳಬ್ಯಾಡ್ರಿ."

"ನಾ ಯಾರ ಮುಂದ ಹೇಳ್ಲಿ?"

ಸಂಜೆ ಮಸಗುಪ್ಪಿಯಿಂದ ಕಾಕೂನ ಸೋದರಮಾವ ಫೋನ್ ಮಾಡಿದರು: "ಏನವಾ, ನಮ್ಮ ಮನಿತನಕ್ಕ ಕರದಂಟು ಅಂತ ಹೆಸರ ಇಟ್ಟೀಯಂತ?"

ಒಂದು ಅನುಕೂಲವಂತೂ ಆಯಿತು. ಇನ್ನು ಕಾಕೂ ಪಾಸ್‌ವರ್ಡ್ ಮರೆತರೆ ಮಸಗುಪ್ಪಿಗೆ ಫೋನ್ ಹಚ್ಚಿದರೆ ಸಾಕು, ಯಾರು ಎತ್ತಿದರೂ ಉತ್ತರ ಹೇಳುತ್ತಾರೆ.