ಓದಬಾರದ ದಿನ ಬೆಟ್ಟ ಹತ್ತಿದ್ದು

ನಮ್ಮ ಸೂಪರಿಂಟೆಂಡೆಂಟರು ನಡೆಯುವ ಪೈಕಿಯಲ್ಲ. ಮಲಯಾಳ ನಾಡಿನ ರಾಜಧಾನಿಯ ಪಟ್ಟಂ ಬಡಾವಣೆಯಲ್ಲಿ ಅವರ ಮನೆಗೂ ಆಫೀಸಿಗೂ ಕೂಗಳತೆ ದೂರ. ಅಷ್ಟು ದೂರಕ್ಕೂ ಬಸ್ಸು ಕಾಯುತ್ತಿದ್ದರು. ಅಂಥವರು ಐವತ್ತರ ದಶಕದ ಕೊನೆಯ ಒಂದು ನವರಾತ್ರಿಯಲ್ಲಿ, ಅಷ್ಟಮಿಯ ಸಂಜೆ, "ನಾಳೆ ರಜ. ಬಾರಯ್ಯಾ, ಬೆಟ್ಟ ಹತ್ತೋಣ" ಎಂದಾಗ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ನನ್ನ ಜೀವವೆಲ್ಲ ಆಗ ಒಂದು ಪುಸ್ತಕದ ರಾಶಿಯ ಕೆಳಗೆ ಸಿಕ್ಕಿಕೊಂಡಿತ್ತು.

ನಾನು ಕಾಸರಗೋಡಿನ ಕಡೆಯವನು. ಮೈಸೂರಿನವರಾದ ಅವರ ಮನೆಯ ಹೊರಕೋಣೆಯಲ್ಲಿ ನನ್ನ ವಾಸ, ಊಟವೂ ಅಲ್ಲೇ. ಎರಡು ವಾರದ ಹಿಂದೆ ಕೊಚ್ಚಿಗೆ ಹೋಗಿ, ಮಟ್ಟಾಂಚೇರಿಯಲ್ಲಿ ಕನ್ನಡದವರೇ ಆದ ಬ್ಯಾಂಕ್ ಗುಮಾಸ್ತರೊಬ್ಬರ ಮಗಳನ್ನು ನೋಡಿ ಬಂದಿದ್ದೆ. ಬೇಡ ಬೇಡವೆನ್ನುತ್ತಲೇ ನಾನು ಮೂರನೆಯ ಸಲ ಉಪ್ಪಿಟ್ಟು ಹಾಕಿಸಿಕೊಂಡಾಗ ಆಕೆ ಬಾಗಿಲ ಹಿಂದೆ ಕಿಸಕ್ಕೆಂದದ್ದು ಕೇಳಿತ್ತು. ಆ ನಗುವಿಗೇ ಮಾರುಹೋಗಿದ್ದೆ. ಅವರ ಕಡೆಯ ಉತ್ತರವೊಂದೇ ಬಾಕಿ.

ಅದು ಅಷ್ಟಮಿಯ ದಿನವೇ ಬರಬೇಕೇ! ನಾನು ಆಫೀಸಿನಿಂದ ಬರುವಷ್ಟರಲ್ಲಿ ಸೂಪರಿಂಟೆಂಡೆಂಟರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವರು, ಮನೆಯ ಪುಸ್ತಕಗಳನ್ನೆಲ್ಲ ಸರಸ್ವತಿ ಪೂಜೆಗೆ ಜೋಡಿಸಿ, ಮೇಲೆ ರೇಷ್ಮೆ ವಸ್ತ್ರ ಹೊದಿಸಿ, ಕುಂಕುಮ ಏರಿಸಿ ಮುಗಿಸಿದ್ದರು.

"ಕೊಚ್ಚಿಯಿಂದ ನಿಂಗೊಂದು ಕಾಗದ ಬಂತಪ್ಪಾ. ಅದನ್ನೂ ಪೂಜೆಗೆ ಇಟ್ಟುಬಿಟ್ಟೆ."

"ಅಯ್ಯೋ ಅಕ್ಕ, ಒಮ್ಮೆ ತೆಗೆದು ಕೊಡಿ. ಓದಿ ಮತ್ತೆ ಅಲ್ಲಿಯೇ ಇಡುವ."

"ಇಟ್ಟಿದ್ದನ್ನ ದಶಮಿ ಬೆಳಿಗ್ಗೆವರೆಗೂ ಕದಲಿಸಬಾರದು. ಈ ಊರಲ್ಲಿ ನವಮಿ ದಿನ ಯಾರೂ ಅಕ್ಷರ ನೋಡೋಲ್ಲ. ನಾವೇನು ಅವರಿಗಿಂತ ಕಮ್ಮಿ?"

ಹೋದ ವರ್ಷ ಇದೇ ನವಮಿಯಂದು ಯಜಮಾನರು ಕಾಲ ಮೇಲೆ ಕಾಲು ಹಾಕಿಕೊಂಡು ಪೇಪರು ಓದಿದ್ದನ್ನು ನಾನೇ ಕಂಡಿದ್ದೆ. ಆದರೆ ಅನ್ನ ಹಾಕುವವರೊಡನೆ ವಾದ ಮಾಡಬಾರದು.

ಬೆಳಿಗ್ಗೆ ಮೊದಲ ಬಸ್ಸಿಗೆ ಬೆಟ್ಟದ ಬುಡದ ವಿತುರ, ಅಲ್ಲಿಂದಾಚೆ ಕಾಲ್ನಡಿಗೆ. ಆ ಹಳೆಯ ಕಾಲುದಾರಿ ಬೆಟ್ಟದಿಂದ ಬೆಟ್ಟಕ್ಕೆ ದಾಟುತ್ತ, ದಿನಗಟ್ಟಲೆ ನಡೆದವರನ್ನು ಆಚೆ ಬದಿಯ ತಮಿಳರ ಪಾಂಡಿ ನಾಡಿಗೆ ಇಳಿಸುತ್ತದೆಂದು ಹೇಳುತ್ತಿದ್ದರು. ನಮ್ಮದು ಒಂದೇ ದಿನದ ಪಾಲು: ಹತ್ತುವುದು, ಉಣ್ಣುವುದು, ಇಳಿದು ಸಂಜೆಯ ಬಸ್ಸು ಹಿಡಿಯುವುದು. ಮಳೆಗಾಲ ಮುಗಿದು ಹುಲ್ಲು ಇನ್ನೂ ಹಸಿರಾಗಿತ್ತು. ಸೂಪರಿಂಟೆಂಡೆಂಟರು ಪಂಚೆ ಎತ್ತಿ ಕಟ್ಟಿ, ಕಾಲಿಗೆ ಆಫೀಸಿನ ಬೂಟು ಹಾಕಿ, ಕೊಡೆ ಊರಿಕೊಂಡು ಏದುಸಿರು ಬಿಡುತ್ತ ಹತ್ತಿದರು. ಹತ್ತು ಹೆಜ್ಜೆಗೊಮ್ಮೆ "ಎಂಥಾ ಗಾಳಿ!" ಎಂದು ನಿಲ್ಲುತ್ತಿದ್ದರು. ಗಾಳಿ ಎಲ್ಲಿತ್ತೋ ದೇವರೇ ಬಲ್ಲ.

"ಸಾರ್, ಕಾಗದದಲ್ಲಿ ಒಪ್ಪಿಗೆ ಅಂತಲೇ ಇರಬಹುದು ಅಲ್ವಾ?" ಎಂದರೆ, "ಅಗೋ ನವಿಲು ನೋಡಯ್ಯಾ!" ಎನ್ನುತ್ತಿದ್ದರು. ಅದು ಕೆಂಬೂತ. ಮದುವೆಯ ಮಾತೆತ್ತಿದಾಗಲೆಲ್ಲ ಹೀಗೆ ಒಂದೊಂದು ಹಕ್ಕಿ ಹಾರುತ್ತಿತ್ತು.

ಒಂದು ಕಡೆ ದಾರಿ ಕವಲಾಯಿತು. ಮರಕ್ಕೆ ಹೊಡೆದ ಹಲಗೆಯಲ್ಲಿ ಮಲಯಾಳದಲ್ಲಿ ಏನೋ ಬರೆದಿತ್ತು. ಅವರಿಗೆ ಮಲಯಾಳ ಓದಲು ಬಾರದು, ನನಗೆ ಬರುತ್ತದೆ. ತಲೆ ಎತ್ತಿದೆನಷ್ಟೇ, ಅವರು ಕೊಡೆ ಬಿಚ್ಚಿ ಹಲಗೆಗೆ ಅಡ್ಡ ಹಿಡಿದರು.

"ಓದಬೇಡ! ಇವತ್ತು ನವಮಿ."

"ದಾರಿ ತಪ್ಪಿದರೆ ಎಂತ ಮಾಡುವುದು ಸಾರ್?"

"ತಪ್ಪಲಿ. ಸರಸ್ವತಿ ನೋಡ್ಕೋತಾಳೆ."

ಸರಸ್ವತಿ ನೋಡಿಕೊಳ್ಳಲಿಲ್ಲ. ಎಡಕ್ಕೆ ತಿರುಗಿ ಎರಡು ಮೈಲಿ ಹತ್ತಿದ ಮೇಲೆ ದಾರಿ ಒಂದು ಟೀ ಎಸ್ಟೇಟಿನ ದನದ ಕೊಟ್ಟಿಗೆಗೆ ಬಂದು ನಿಂತಿತು. ಅಲ್ಲಿಯೇ ಕೂತು, ಕಾಲಿಗೆ ಹತ್ತಿದ್ದ ಜಿಗಣೆಗಳನ್ನು ಕಿತ್ತು, ಪುಳಿಯೋಗರೆ ಉಂಡೆವು. ಅಕ್ಕ ನನ್ನ ಪೊಟ್ಟಣಕ್ಕೆ ಎರಡು ಹೋಳಿಗೆ ಹೆಚ್ಚು ಇಟ್ಟಿದ್ದರು. ಭಾವೀ ಮದುಮಗನಿಗೆ ಮರ್ಯಾದೆ ಎಂದುಕೊಂಡು ಹಿಗ್ಗಿದೆ. ಇಳಿಯುವಾಗ ಗುಡುಗು ಸಹಿತ ಮಳೆ. ಬೂಟಿನ ಒಂದು ಅಟ್ಟೆ ಬಾಯಿ ಬಿಟ್ಟಿತು. ಅದನ್ನು ಬಾಳೆನಾರಿನಲ್ಲಿ ಕಟ್ಟಿಕೊಂಡು ಅವರು ಕುಂಟುತ್ತ ಬಸ್ಸು ಹತ್ತಿದರು, ಒಂದು ಮಾತೂ ಗೊಣಗದೆ. ಆಫೀಸಿನಲ್ಲಿ ಕುರ್ಚಿ ಕಿರ್ರೆಂದರೂ ಗೊಣಗುವ ಮನುಷ್ಯ.

ದಶಮಿಯ ಬೆಳಿಗ್ಗೆ ಪೂಜೆಯಾದ ಮೇಲೆ ಅಕ್ಕ ರಾಶಿಯ ಕೆಳಗಿನಿಂದ ಕಾಗದ ಎಳೆದು ಕೊಟ್ಟು, ಮುಖ ನೋಡದೆ ಒಳಗೆ ಹೋದರು. ಕವರಲ್ಲ, ಕಾರ್ಡು. ಕುಂಕುಮದ ಕೆಳಗೆ ನಾಲ್ಕೇ ಸಾಲು: ಜಾತಕ ಕೂಡಿಬರಲಿಲ್ಲ, ಅನ್ಯಥಾ ಭಾವಿಸಬಾರದು. ನನ್ನ ಜಾತಕವನ್ನು ನಾನು ಅವರಿಗೆ ಕೊಟ್ಟೇ ಇರಲಿಲ್ಲ.

ಜಗಲಿಯಲ್ಲಿ ಸೂಪರಿಂಟೆಂಡೆಂಟರು ಬಿಸಿ ಉಪ್ಪುನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದರು.

"ಸಾರ್, ಇದು ಕಾರ್ಡು."

"ಹೂಂ ಕಣಯ್ಯಾ. ಪೋಸ್ಟ್‌ಮ್ಯಾನಿಗೆ ಕನ್ನಡ ಬರೋಲ್ಲ, ನಮಗೆ ಬರುತ್ತಲ್ಲ." ಬಕೆಟ್ಟಿನೊಳಗೆ ಕಾಲಿಗೆ ಕಾಲು ಉಜ್ಜಿಕೊಂಡರು. "'ಹಬ್ಬದ ದಿನ ಅವನ ಮುಖ ಬಾಡೋದು ನನ್ ಕೈಲಿ ನೋಡೋಕಾಗಲ್ಲ, ಎಲ್ಲಾದ್ರೂ ಕರ್ಕೊಂಡು ಹೋಗಿ' ಅಂದ್ಲು ಇವಳು."

"ಮತ್ತೆ ಆ ಹಲಗೆ? ಅದನ್ನಾದರೂ ಓದಲು ಬಿಡಬಹುದಿತ್ತು."

"ಬೋರ್ಡು ಓದಿದ್ದಿದ್ರೆ, ಮನೆಗೆ ಬಂದು ಕಾರ್ಡೂ ಓದ್ತೀನಿ ಅಂತಿದ್ದೆ."

ನನಗೆ ಅಳು ಬಂತು. ಅದು ಮಟ್ಟಾಂಚೇರಿಯವಳಿಗಾಗಿ ಎಂದು ಅವತ್ತು ನನ್ನನ್ನೇ ನಂಬಿಸಿಕೊಂಡೆ. ಬಕೆಟ್ಟಿಗೆ ಕೈಯಿಟ್ಟು ನೋಡಿದೆ; ನೀರು ಆರಿತ್ತು. ಒಳಗೆ ಹೋಗಿ ಇನ್ನೊಂದು ತಪ್ಪಲೆ ಬಿಸಿನೀರು ತಂದು ಅವರ ಬೊಬ್ಬೆ ಎದ್ದ ಕಾಲಿಗೆ ಹೊಯ್ದೆ.