ಸೆರಗು ಸರಿಸಿ ಆಡಿದ ಮಾತು

ಮಹಾರಾಷ್ಟ್ರದ ಇಚಲಕರಂಜಿಯ ಓಣಿಯಲ್ಲಿ ಬೆಳಗಿನ ಪಾಳಿ ಶುರುವಾಗುವ ಹೊತ್ತು. ಹೊರಗೆ ಇನ್ನೂ ಮಬ್ಬು. ಮಗ್ಗದ ಕಾರಖಾನೆಯೊಂದರ ಬಾಗಿಲ ಬದಿಗೆ, ಕಂಡಿಕೆಗೆ ನೂಲು ಸುತ್ತುವ ಯಂತ್ರದ ಮುಂದೆ ರಾಯವ್ವ ನಿಂತಿದ್ದಾರೆ. ಖಾಲಿ ಕಂಡಿಕೆ ಸಿಕ್ಕಿಸುತ್ತಾರೆ, ನೂಲಿನ ತುದಿ ಹಚ್ಚುತ್ತಾರೆ, ತುಂಬಿದ್ದನ್ನು ತೆಗೆದು ಬುಟ್ಟಿಗೆ ಹಾಕುತ್ತಾರೆ. ಆ ಬುಟ್ಟಿ ಒಳಗೆ ಹೋಗದಿದ್ದರೆ ಲಾಳಿಗೆ ನೂಲಿಲ್ಲ. ಬಟ್ಟೆ ಕೊಳ್ಳುವವರಿಗೆ ಇಂಥದೊಂದು ಕೆಲಸವಿದೆ ಎಂಬುದೂ ಗೊತ್ತಿರುವುದಿಲ್ಲ.

ಮಗ್ಗಗಳು ಓಡತೊಡಗಿದರೆ ಯಾರ ದನಿಯೂ ಯಾರಿಗೂ ಕೇಳದು. ಆದರೂ ದಿನವಿಡೀ ಮಾತು ನಡೆದೇ ಇರುತ್ತದೆ, ತುಟಿಯಿಂದ ಕಣ್ಣಿಗೆ.

“ಸಪ್ಪಳದಾಗ ಕಿವಿ ಕೆಲಸಾ ಮಾಡಂಗಿಲ್ರಿ. ನಾವು ಕಣ್ಣೀಲೆ ಕೇಳತೇವಿ,” ಎನ್ನುತ್ತಾರೆ ರಾಯವ್ವ. ಗುಟ್ಟಿನ ಮಾತಿದ್ದರೆ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ಕಿವಿಗೇ ಬಾಯಿ ಹಚ್ಚಿ ಹೇಳುತ್ತಾರೆ. ಹತ್ತಿಯ ಧೂಳು ಒಳಗೆ ಹೋಗದಂತೆ ತಡೆಯುವುದೂ ಅದೇ ಸೆರಗು.

ಒಳಸಾಲಿನ ಮಗ್ಗಗಳನ್ನು ನೋಡಿಕೊಳ್ಳುವವರು ರಾಯವ್ವನ ಗಂಡ ಯಮನಪ್ಪ. ಕೆಲವು ವರ್ಷಗಳ ಹಿಂದೆ ಅವರಿಗೆ ಗಂಟಲಿನ ಕ್ಯಾನ್ಸರ್ ಆಗಿತ್ತು. ಕೊಲ್ಹಾಪುರದ ಆಸ್ಪತ್ರೆಯಲ್ಲಿ ವಿಕಿರಣ ಚಿಕಿತ್ಸೆ ಕೊಟ್ಟರು. ಜನ ಅದನ್ನು ‘ಕರೆಂಟು’ ಎನ್ನುತ್ತಾರೆ. ರೋಗ ಹೋಯಿತು. ಅದರ ಜೊತೆ ಬಾಯಿಯ ಪಸೆಯೂ ದನಿಯೂ ಹೋದವು. ನೀರು ಗುಟುಕರಿಸದೆ ತುತ್ತು ಇಳಿಯುವುದಿಲ್ಲ. ಸೋಮವಾರದ ಭಜನೆಯಲ್ಲಿ ಪದ ಎತ್ತಿಕೊಡುತ್ತಿದ್ದವರು ಈಗ ತಾಳ ಹಾಕುತ್ತಾರೆ. ಮಗ್ಗದ ನಡುವೆ ಮಾತ್ರ ಅವರಿಗೆ ಏನೂ ಕಡಿಮೆಯಾಗಿಲ್ಲ. ಅಲ್ಲಿ ಯಾರಿಗೂ ದನಿಯಿಲ್ಲ.

ರೋಗಕ್ಕಿಂತ ಅದರ ಕಾರಣವೇ ಮನೆಯನ್ನು ಹೆಚ್ಚು ಕಾಡಿತು. ಎಚ್‌ಪಿವಿ ಎಂಬ ವೈರಸ್‌ನ ‘ಸಂಸರ್ಗ’ದಿಂದ ಬಂದದ್ದು ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿದರು. ಮರಾಠಿಯಲ್ಲಿ ಅದು ಸೋಂಕಿಗಿರುವ ಮಾತು.

“ಪ್ಯಾಟಿ ಮರಾಠಿ ನನಗ ಬರತೈತ್ರಿ, ದವಾಖಾನಿ ಮರಾಠಿ ಬರಂಗಿಲ್ಲ. ಮಠದ ಪ್ರವಚನದಾಗ ಪರಸ್ತ್ರೀ ಸಂಸರ್ಗ ಅಂತಿದ್ರು. ನಾ ಅದನ್ನ ಹಿಡಕೊಂಡ ಕುಂತೆ,” ಎನ್ನುತ್ತಾರೆ ರಾಯವ್ವ.

ಊರಿಗೆ ಮರಳುವ ಬಸ್ಸಿನಲ್ಲಿ ಕೇಳುವಂತಿರಲಿಲ್ಲ, ಸುತ್ತ ಜನರಿದ್ದರು. ಮನೆ ಒಂದೇ ಖೋಲಿ, ಅಲ್ಲಿ ಮಕ್ಕಳಿದ್ದರು. ಕಡೆಗೆ ಕಾರಖಾನೆಯಲ್ಲೇ, ಸೆರಗನ್ನು ಬದಿಗೆ ಪರದೆಯಂತೆ ಹಿಡಿದು, ಗಂಡನಿಗಷ್ಟೇ ತುಟಿ ಕಾಣುವಂತೆ ನಿಂತು ರಾಯವ್ವ ಕೇಳಿದರು: ಯಾರ ಆಕಿ? ಯಮನಪ್ಪನ ತುಟಿ ಹೇಳಿತು: ಯಾರೂ ಇಲ್ಲ.

ಆಮೇಲೆ ಅದೇ ಆಸ್ಪತ್ರೆಯಲ್ಲಿದ್ದ, ಗಡಿಭಾಗದ ಗಡಹಿಂಗ್ಲಜ ಕಡೆಯ ನರ್ಸ್ ಹರ್ಷದಾ ಕನ್ನಡದಲ್ಲಿ ಬಿಡಿಸಿ ಹೇಳಿದಳು. ವೈರಸ್ ಮೈಸಂಪರ್ಕದಿಂದ ಬರುವುದು ನಿಜ. ಆದರೆ ಸಂಸಾರಸ್ಥರಲ್ಲಿ ಬಹಳ ಜನರಿಗೆ ಅದು ಎಂದಾದರೂ ತಗಲಿ ತಾನೇ ಹೋಗಿರುತ್ತದೆ. ಕೆಲವರಲ್ಲಿ ಮಾತ್ರ ವರ್ಷಗಟ್ಟಲೆ ಅಡಗಿ ಕೂಡುತ್ತದೆ. ಯಾರಿಂದ, ಯಾವಾಗ ಬಂತೆಂದು ಯಾವ ಡಾಕ್ಟರಿಗೂ ಹೇಳಲಾಗದು. ಅದರಿಂದ ಯಾರ ನಡತೆಯನ್ನೂ ಅಳೆಯಲಾಗದು. ಒಂದೇ ತಂಬಿಗೆಯ ನೀರು ಕುಡಿದರೆ ಬರುವಂಥದ್ದೂ ಅಲ್ಲ.

“ಒಮ್ಮೆಲೇ ನಂಬಲಿಲ್ರಿ,” ಎನ್ನುತ್ತಾರೆ ರಾಯವ್ವ. “ಅನ್ನಾ ನುಣ್ಣಗ ಅರದು ಉಣಿಸಕೋಂತ ಉಣಿಸಕೋಂತ ನಂಬಿದೆ.”

ಓಣಿಗೆ ಏನು ಹೇಳುವುದು? ಚಟವಿಲ್ಲದ ಮನುಷ್ಯನಿಗೆ ಇದು ಹೇಗೆ ಬಂತೆಂದು ಎಲ್ಲರೂ ಕೇಳುತ್ತಿದ್ದರು. ಕದ್ದು ತಂಬಾಕು ತಿನ್ನುತ್ತಿದ್ದರು ಎಂದುಬಿಟ್ಟರು ರಾಯವ್ವ. ಓಣಿ ಸಮಾಧಾನಗೊಂಡಿತು. ತಂಬಾಕು ಮುಟ್ಟಿಯೂ ನೋಡದ ಯಮನಪ್ಪನಿಗೆ ಚಹಾದಂಗಡಿಯಲ್ಲೆಲ್ಲ ಬುದ್ಧಿವಾದ ಶುರುವಾಯಿತು. ಮಗ್ಗ ರಿಪೇರಿಯ ಲಗಮಣ್ಣನಂತೂ ದವಡೆಯ ತಂಬಾಕನ್ನು ಆಚೆ ಸರಿಸಿ ಉಪದೇಶ ಮಾಡಿದ: “ನಾನೂ ತಿಂತೇನಪಾ ಯಮನಪ್ಪಾ, ಆದ್ರ ಲಿಮಿಟ್‌ನ್ಯಾಗ. ನನ್ನ ನೋಡಿ ಕಲಿ.” ರೋಗ ಅಂಟೀತೆಂದು ಭಜನೆಯಲ್ಲಿ ಎಲ್ಲರಿಗೂ ಸ್ಟೀಲಿನ ಲೋಟ, ಯಮನಪ್ಪನಿಗೆ ಕಾಗದದ ಕಪ್ಪು. ಕದ್ದು ತಿನ್ನುವವ ಎಂಬ ಹೆಸರು ಬೇರೆ. ಹೆಂಡತಿಯ ಮಾತನ್ನು ಅವರು ಎಲ್ಲೂ ಅಲ್ಲಗಳೆಯಲಿಲ್ಲ.

ಈಚೆಗೆ ಓಣಿಯ ದವಾಖಾನೆಯಲ್ಲಿ ಹುಡುಗಿಯರಿಗೆ ಲಸಿಕೆ ಹಾಕುವುದಾಗಿ ತಿಳಿಸಿದರು. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಸೂಜಿ, ಅದೇ ವೈರಸ್‌ನ ವಿರುದ್ಧ. ಅದನ್ನು ಹಾಕಿಸಿದರೆ ಮಕ್ಕಳಾಗುವುದಿಲ್ಲ ಎಂಬ ಸುದ್ದಿ ಕಾರಖಾನೆಯಲ್ಲಿ ಸೆರಗಿನಿಂದ ಸೆರಗಿಗೆ ಹರಿಯಿತು. ಪಕ್ಕದ ಯಂತ್ರದ ಹಣಮವ್ವ ಮೊಮ್ಮಗಳು ಪ್ರಣಿತಾಳನ್ನು ಕಳಿಸುವುದಿಲ್ಲ ಎಂದಳು. ಇಲ್ಲದ ರೋಗಕ್ಕೆ ಸೂಜಿ ಯಾಕೆ? ಆ ವೈರಸ್ ಯಾರಿಗೆ ಬಂದದ್ದನ್ನು ಯಾರು ಕಂಡಿದ್ದಾರೆ?

ಕಂಡವರು ಪಕ್ಕದಲ್ಲೇ ನಿಂತಿದ್ದರು. ಹೇಳಿದರೆ ಮುಚ್ಚಿಟ್ಟದ್ದೆಲ್ಲ ಬಯಲಿಗೆ ಬರುತ್ತದೆ. ಹೇಳದಿದ್ದರೆ ಹುಡುಗಿ ಲಸಿಕೆಯಿಲ್ಲದೆ ಉಳಿಯುತ್ತಾಳೆ. ರಾಯವ್ವ ಮಗ್ಗಗಳ ಕಡೆ ನೋಡಿದರು. ಹಣಮವ್ವನ ಮಾತನ್ನು ಅಲ್ಲಿಂದಲೇ ಕಣ್ಣಿನಿಂದ ಕೇಳಿದ್ದ ಯಮನಪ್ಪ ತುಟಿ ಆಡಿಸಿದರು: ಹೇಳು.

ರಾಯವ್ವ ಸೆರಗು ಕೆಳಗಿಳಿಸಿದರು. ತಂಬಾಕು ನನ್ನ ಸುಳ್ಳು, ನಮ್ಮವರಿಗೆ ಬಂದದ್ದು ಈ ವೈರಸ್‌ನಿಂದಲೇ ಎಂದರು. ಹೇಳಿದ್ದು ಹಣಮವ್ವನಿಗೆ. ಕೇಳಿದ್ದು ಇಡೀ ಕಾರಖಾನೆಯ ಕಣ್ಣುಗಳು. ಒಂದು ಮಗ್ಗವೂ ನಿಲ್ಲಲಿಲ್ಲ.

ಮರುದಿನ ಹಣಮವ್ವ ತನ್ನ ನೀರಿನ ತಂಬಿಗೆಯನ್ನು ಬೇರೆ ಇಟ್ಟಳು. ಇಬ್ಬರು ಹೆಂಗಸರು ಮುಖ ತಿರುಗಿಸಿದರು. ಲಗಮಣ್ಣ ಉಪದೇಶ ನಿಲ್ಲಿಸಿದ. ಅವನಿಗೆ ಬಿಟ್ಟಿ ಸಿಕ್ಕಿದ್ದ ಶಿಷ್ಯ ಕೈತಪ್ಪಿದ ಎಂದು ಯಮನಪ್ಪ ಪಿಸುದನಿಯಲ್ಲಿ ನಗುತ್ತಾರೆ. ಭಜನೆಯಲ್ಲಿ ಇನ್ನೂ ಕಾಗದದ ಕಪ್ಪೇ ಇದೆ. ಆದರೆ ಲಸಿಕೆಯ ದಿನ ಸಾಲಿನ ಕೊನೆಯಲ್ಲಿ ಪ್ರಣಿತಾ ಇದ್ದಳು, ಅವಳ ಕೈ ಹಿಡಿದು ಹಣಮವ್ವ. ಎದುರಾದ ರಾಯವ್ವನಿಗೆ ಆಕೆ ಅಂದದ್ದು ಇಷ್ಟು: “ನಿನ್ನ ಮಾತ ಕೇಳಿ ಬಂದಿಲ್ಲ ನಾ. ಹುಡುಗಿ ಹಟಾ ಮಾಡಿದ್ಲು.”

ತಂಬಿಗೆ ಈಗಲೂ ಬೇರೆಯೇ ಇದೆ. ಬೇಸರವಿಲ್ಲವೇ ಎಂದರೆ ರಾಯವ್ವ ತುಂಬಿದ ಬುಟ್ಟಿಯನ್ನು ಒಳಗೆ ತಳ್ಳಿ, ಮುಖದ ಮೇಲಿನ ಹತ್ತಿಯ ಎಳೆ ಒರೆಸಿಕೊಳ್ಳುತ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

“ಆವತ್ತಿನಿಂದ ಬಾಯಿ ಮುಚ್ಚಿ ಮಾತಾಡೂದು ಬಿಟ್ಟೇನ್ರಿ. ಒಂದಿಷ್ಟು ಧೂಳ ಒಳಗ ಹೋಗತೈತಿ. ಹೋಗ್ಲಿ ಬಿಡ್ರಿ.”